ಒಂದೂ ಟಿಕ್ ಇಲ್ಲದ ಹಾಳೆ

ಹತ್ತೊಂಬತ್ತು ವರ್ಷ ಬೀಗದ ಕಾರ್ಖಾನೆಯಲ್ಲಿ ಕೂತು ಬೀಗಗಳ ತಪ್ಪು ಹುಡುಕಿದ ಮನುಷ್ಯನನ್ನು ಬೀದಿಯವರು ಚೆಕ್ಕರ್ ಎಂದು ಕರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಚೆಕ್ಕರ್ ಎಂದೇ ಕರೆಯುತ್ತಿದ್ದಳು, ಮತ್ತು ಅವಳ ಸಿಟ್ಟಿಗೆ ಕಾರಣಗಳ ಕೊರತೆ ಎಂದೂ ಇರಲಿಲ್ಲ.

ಅವನ ಕೆಲಸ ಹೀಗೆ. ಕಾರ್ಖಾನೆಯ ಸಾಲಿನ ಕಟ್ಟಕಡೆಯ ಮೇಜು ಅವನದು. ಮೇಜಿನ ಮೇಲೆ ಒಂದು ದೀಪ, ಒಂದು ಕೆಂಪು ಪೆನ್ಸಿಲ್ಲು. ಪ್ರತಿ ಬೀಗದ ಜೊತೆ ಒಂದು ಹಾಳೆ ಬರುತ್ತದೆ, ಹಾಳೆಯಲ್ಲಿ ಹದಿನಾಲ್ಕು ಸಾಲು: ಕೊಂಡಿ ಓರೆ, ಸ್ಪ್ರಿಂಗು ಸಡಿಲ, ಕೀ ಬಿಗಿ, ಬಣ್ಣ ಸುಲಿದಿದೆ, ಹೀಗೆ. ಯಾವ ತಪ್ಪು ಕಂಡಿತೋ ಅದರ ಮುಂದೆ ಟಿಕ್. ಒಂದು ಟಿಕ್ ಬಿದ್ದರೆ ಬೀಗ ರಿಪೇರಿಗೆ ವಾಪಸ್ಸು, ಮೂರು ಬಿದ್ದರೆ ಗುಜರಿ ಡ್ರಮ್ಮಿಗೆ. ಒಂದೂ ಟಿಕ್ ಇಲ್ಲದ ಹಾಳೆಯ ಬೀಗ ಮಾತ್ರ ಪೆಟ್ಟಿಗೆ ಸೇರಿ ಲೋಕ ನೋಡಲು ಹೊರಡುತ್ತದೆ. ಬಹಳ ಒಳ್ಳೆಯ ಪದ್ಧತಿ, ಬೀಗಗಳ ಮಟ್ಟಿಗೆ.

ಆದರೆ ಹತ್ತೊಂಬತ್ತು ವರ್ಷ ಒಂದೇ ಪದ್ಧತಿಯಲ್ಲಿ ಕೂತವನಿಗೆ ಲೋಕವೆಲ್ಲ ಅದೇ ಸಾಲಿನಲ್ಲಿ ಬರುವಂತೆ ಕಾಣುತ್ತದೆ. ಹೆಂಡತಿಯನ್ನು ಮೊದಲು ನೋಡಿ ಬಂದ ದಿನ ಚೆಕ್ಕರ್ ಮನೆಯವರಿಗೆ ಹೇಳಿದ್ದು ಒಂದೇ ಮಾತು: ಟಿಕ್ ಇಲ್ಲ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಳಿ ಇರಲಿಲ್ಲ. ಅದೇ ದಿನ ಅವನಲ್ಲಿ ಹನ್ನೊಂದು ಎಣಿಸಿದ್ದೆನೆಂದು ಹೆಂಡತಿ ಆಮೇಲೆ ಹೇಳುತ್ತಿದ್ದಳು, ಯಾವುವು ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಎಂಟು ವರ್ಷ, ಮೂರನೇ ಕ್ಲಾಸು. ಬೀದಿ ಅವಳಿಗೂ ಒಂದು ಹೆಸರಿಟ್ಟಿತ್ತು, ಯಾಕಮ್ಮ. ಮಾತು ಬಂದ ದಿನದಿಂದ ಅವಳು ಎದುರಿಗೆ ಸಿಕ್ಕಿದವರನ್ನೆಲ್ಲ ಯಾಕೆ ಎಂದು ಕೇಳಿದ್ದಳು. ಉತ್ತರ ಕೊಟ್ಟವರನ್ನು ಅದೂ ಯಾಕೆ ಎಂದು ಕೇಳಿದ್ದಳು. ಮೂಲೆಮನೆಯ ಪಿಂಚಣಿ ತಾತ ಅವಳು ಬರುವುದನ್ನು ಕಂಡರೆ ಪೇಪರನ್ನು ಮುಖದವರೆಗೆ ಎತ್ತಿ ಹಿಡಿಯುತ್ತಿದ್ದರು. ಚೆಕ್ಕರ್ ಅವಳ ಆಟಕ್ಕೆಂದು ಗುಜರಿ ಡ್ರಮ್ಮಿನ ಬೀಗಗಳನ್ನು ಕೇಳಿ ತರುತ್ತಿದ್ದ. ಅವಳು ಅವನ್ನು ಒಂದು ಹೇರ್‌ಪಿನ್ನಿನಿಂದ ತೆಗೆದು, ಬಿಚ್ಚಿ, ಒಳಗಿನ ಚೂರುಗಳನ್ನೆಲ್ಲ ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಮತ್ತೆ ಕೂಡಿಸುತ್ತಿದ್ದಳು. ಕೂಡಿಸಿದ ಮೇಲೆ ಕೆಲವು ಬೀಗಗಳು ಸರಿಯಾಗಿರುತ್ತಿದ್ದವು. ಈ ವಿಷಯವನ್ನು ಚೆಕ್ಕರ್ ಕಾರ್ಖಾನೆಯಲ್ಲಿ ಹೇಳಿರಲಿಲ್ಲ.

ಒಂದು ಸಂಜೆ ಅವಳು ಕೈಯಲ್ಲಿ ಬೀಗ ಹಿಡಿದು ಕೇಳಿದಳು.

"ಅಪ್ಪ, ಕೀ ಕಳೆದುಹೋದ ಬೀಗ ಒಳ್ಳೇದಾ, ಕೆಟ್ಟದ್ದಾ? ಅದಕ್ಕೆ ನಿನ್ನ ಹಾಳೇಲಿ ಎಲ್ಲಿ ಟಿಕ್ ಹಾಕ್ತೀಯ?"

ಚೆಕ್ಕರ್ ಮನಸ್ಸಿನಲ್ಲೇ ಹದಿನಾಲ್ಕು ಸಾಲನ್ನೂ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಎಲ್ಲಿಯೂ ಸಿಗಲಿಲ್ಲ. ಊಟಕ್ಕೆ ಏಳು ಎಂದ. ಮಗಳೆಂದರೆ ಅವನಿಗೆ ಪ್ರಾಣ, ಅವಳ ಪ್ರಶ್ನೆಗಳೆಂದರೆ ಸ್ವಲ್ಪ ಭಯ.

ಈ ಭಯದ ನಡುವೆ ಶಾಲೆಯಿಂದ ಒಂದು ಲಕೋಟೆ ಬಂತು.

ಲಕೋಟೆಯ ಹಿಂದಿನ ಕಥೆ ಓದುಗರಿಗೆ ಈಗಲೇ ಗೊತ್ತಾಗಲಿ, ಚೆಕ್ಕರ್‌ಗೆ ಗೊತ್ತಿರಲಿಲ್ಲ ಅಷ್ಟೆ. ಶಾಲೆಯ ಮಹಡಿಯ ಮೇಲೆ ಒಂದು ಕೋಣೆ ಇತ್ತು. ಅಲ್ಲಿ ಹನ್ನೊಂದು ಕುರ್ಚಿ, ಬಿಚ್ಚಿ ನೋಡಲು ಹಳೇ ಗಡಿಯಾರಗಳು, ಭೂತಗನ್ನಡಿ, ತಕ್ಕಡಿ, ಮತ್ತು ಎಷ್ಟು ಪ್ರಶ್ನೆ ಕೇಳಿದರೂ ಬೇಸರಪಡದ ಒಬ್ಬ ಮೇಷ್ಟ್ರು. ವಿಶೇಷ ಪ್ರತಿಭೆಯ ಮಕ್ಕಳನ್ನು ಆರಿಸಿ ಅಲ್ಲಿ ಕೂರಿಸುತ್ತಿದ್ದರು. ಆರಿಸಲು ಮೂರು ಜರಡಿ: ಮೊದಲು ಕ್ಲಾಸ್ ಟೀಚರ್ ಹೆಸರು ಕೊಡಬೇಕು, ಆಮೇಲೆ ತಂದೆತಾಯಿ ಒಂದು ಫಾರ್ಮ್ ತುಂಬಬೇಕು, ಕೊನೆಗೆ ಮಗು ಚಿತ್ರಗಳ ಪರೀಕ್ಷೆ ಬರೆಯಬೇಕು. ಮೂರನೇ ಕ್ಲಾಸಿನ ಟೀಚರ್ ಕಣ್ಣುಮುಚ್ಚಿ ಯಾಕಮ್ಮನ ಹೆಸರು ಕೊಟ್ಟಿದ್ದರು.

ಫಾರ್ಮ್ ಯಾತಕ್ಕೆಂದು ಯಾರಿಗೂ ಹೇಳಕೂಡದು ಎನ್ನುವುದು ಹೆಡ್‌ಮಿಸ್ ಮಾಡಿದ ನಿಯಮ. ಹಿಂದಿನ ವರ್ಷ ಹೇಳಿ ಕೆಟ್ಟಿದ್ದರು. ಅರವತ್ತು ಮಕ್ಕಳಲ್ಲಿ ಐವತ್ತೆಂಟು ಮಹಾಮೇಧಾವಿಗಳು ಸಿಕ್ಕಿದ್ದರು. ಒಬ್ಬ ತಾಯಿ ತನ್ನ ಮಗ ಹೊಟ್ಟೆಯಲ್ಲಿದ್ದಾಗಲೇ ಲೆಕ್ಕ ಕೇಳಿಸಿಕೊಂಡು ತಪ್ಪಿದಲ್ಲಿ ಒದೆಯುತ್ತಿದ್ದನೆಂದು ಬರೆದಿದ್ದಳು. ಆದ್ದರಿಂದ ಈ ಸಲ ಫಾರ್ಮಿನ ತಲೆಯ ಮೇಲೆ "ಮಗುವಿನ ವರ್ತನೆಯ ವಿವರ" ಎಂದು ಮಾತ್ರ ಇತ್ತು. ಕೆಳಗೆ ನಲವತ್ತೆರಡು ಸಾಲು, ಪ್ರತಿ ಸಾಲಿನ ಮುಂದೆ ಒಂದು ಪುಟ್ಟ ಚೌಕ.

ಹೆಂಡತಿ ತನ್ನ ತಂಗಿಯ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಳು. ಚೆಕ್ಕರ್ ಒಬ್ಬನೇ ಮೇಜಿಗೆ ಕೂತು ಫಾರ್ಮ್ ಬಿಡಿಸಿದ. ಚೌಕಗಳನ್ನು ನೋಡಿದ ಕೂಡಲೇ ಅವನ ಕೈ ತಾನಾಗಿ ಕೆಂಪು ಪೆನ್ಸಿಲ್ಲನ್ನು ಹುಡುಕಿತು. ಮೊದಲ ಸಾಲು ಓದಿದ: ಕರೆದರೂ ಕೇಳಿಸದಷ್ಟು ಒಂದೇ ಕೆಲಸದಲ್ಲಿ ಮುಳುಗಿರುತ್ತದೆ. ಎರಡನೆಯದು: ಉತ್ತರ ಸಿಕ್ಕಿದ ಮೇಲೂ ಪ್ರಶ್ನೆ ನಿಲ್ಲಿಸುವುದಿಲ್ಲ. ಮೂರನೆಯದು: ವಸ್ತುಗಳನ್ನು ಬಿಚ್ಚಿ ನೋಡುತ್ತದೆ. ನಾಲ್ಕನೆಯದು: ದೊಡ್ಡವರು ಹೇಳಿದ್ದನ್ನು ಹಾಗೆಯೇ ಒಪ್ಪುವುದಿಲ್ಲ.

ಅವನು ಪೆನ್ಸಿಲ್ಲನ್ನು ಕೆಳಗಿಟ್ಟ. ಶಾಲೆಯವರಿಗೆ ಎಲ್ಲ ಗೊತ್ತಾಗಿದೆ. ಮಗಳ ಒಂದೊಂದು ತಪ್ಪನ್ನೂ ಬೆನ್ನು ಹತ್ತಿ ನೋಡಿ ಅಚ್ಚು ಹಾಕಿಸಿದ್ದಾರೆ. ಹಾಳೆ ತಿರುಗಿಸಿ ಓದುವ ಧೈರ್ಯವಾಗದೆ ಮೊದಲ ಪುಟದಲ್ಲೇ ಎಣಿಸಿದ. ಮೂವತ್ತರಲ್ಲಿ ಇಪ್ಪತ್ತಾರು ನಿಜ. ಮೂರಕ್ಕೆ ಗುಜರಿ ಡ್ರಮ್ಮು, ಇನ್ನು ಇಪ್ಪತ್ತಾರಕ್ಕೆ ಏನು ಮಾಡುತ್ತಾರೋ.

ಹತ್ತೊಂಬತ್ತು ವರ್ಷದಲ್ಲಿ ತಪಾಸಣೆಯ ಹಾಳೆಯ ಮೇಲೆ ಒಂದೂ ಸುಳ್ಳು ಬರೆಯದ ಮನುಷ್ಯ ಅವತ್ತು ಇಪ್ಪತ್ತಾರು ಸುಳ್ಳು ಹೇಳಿದ. ಒಂದು ಚೌಕವನ್ನೂ ಮುಟ್ಟಲಿಲ್ಲ. ಸಹಿಗೆಂದು ಹಾಳೆ ತಿರುಗಿಸಿ, ಅಲ್ಲಿನ ಸಾಲುಗಳತ್ತ ಕಣ್ಣು ಹಾಯಿಸದೆ ನೇರ ಕೊನೆಗೆ ಬಂದ; ಅಲ್ಲಿ, ಕಳೆದ ಒಂದು ತಿಂಗಳಲ್ಲಿ ಮಗು ಕೇಳಿದ ಅಪರೂಪದ ಪ್ರಶ್ನೆಯೊಂದನ್ನು ಬರೆಯಿರಿ ಎಂದಿತ್ತು. ಇದು ಸಿಕ್ಕಿಸಿ ಹಾಕುವ ಉಪಾಯವೆಂದು ಚೆಕ್ಕರ್‌ಗೆ ತಕ್ಷಣ ಹೊಳೆಯಿತು. "ಮಗು ಪ್ರಶ್ನೆ ಕೇಳುವುದಿಲ್ಲ" ಎಂದು ದುಂಡಗೆ ಬರೆದು ಸಹಿ ಹಾಕಿದ. ಮಗಳನ್ನು ಉಳಿಸಿಕೊಂಡೆನೆಂದು ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳ ತಟ್ಟೆಗೆ ತಾನೇ ಎರಡು ಸಲ ಬಡಿಸಿದ.

ವಾರ ಕಳೆದು ಔಷಧಿ ಅಂಗಡಿಯವನ ಬಳಿ ತಲೆನೋವಿನ ಮಾತ್ರೆಗೆ ಹೋದಾಗ ನಿಜ ಹೊರಬಿತ್ತು. ಔಷಧಿ ಅಂಗಡಿಯವನ ಮಗನೂ ಅದೇ ಕ್ಲಾಸು. ಲೋಕದ ಎಲ್ಲ ಗುಟ್ಟೂ ಮಾತ್ರೆಗಳ ಜೊತೆಗೆ ಅವನ ಕಪಾಟಿಗೆ ಬಂದು ಸೇರುತ್ತಿತ್ತು. ಫಾರ್ಮಿನಲ್ಲಿ ಎಷ್ಟು ಟಿಕ್ ಹಾಕಿದಿರಿ ಎಂದು ಅವನು ಮೆಲ್ಲಗೆ ಕೇಳಿದ. ಚೆಕ್ಕರ್ ಎದೆ ಸೆಟೆಸಿ ಒಂದೂ ಇಲ್ಲ ಎಂದ.

ಅಂಗಡಿಯವನು ಮಾತ್ರೆ ಕತ್ತರಿಸುತ್ತಿದ್ದ ಕತ್ತರಿಯನ್ನು ಕೆಳಗಿಟ್ಟ. ಅವನ ಮುಖದ ಮೇಲೆ ಬಂದ ಕನಿಕರದ ಕೆಳಗಡೆಯೇ ಒಂದು ಸಂತೋಷವೂ ಸುಳಿದಾಡಿತು. ಮಹಡಿಯ ಕೋಣೆ, ಹನ್ನೊಂದು ಕುರ್ಚಿ, ಮೂರು ಜರಡಿ, ಎಲ್ಲವನ್ನೂ ವಿವರಿಸಿ ಹೇಳಿದ.

"ಅಲ್ಲಿ ಟಿಕ್ ಅಂದ್ರೆ ತಪ್ಪಲ್ಲ ಸಾರ್, ಮಾರ್ಕು. ನಮ್ಮವನಿಗೆ ನಾನು ಮೊದಲ ಪುಟದಲ್ಲಿ ಇಪ್ಪತ್ತೊಂಬತ್ತು ಹಾಕಿದೀನಿ. ಒಂದು ಬಿಟ್ಟಿದ್ದು ಯಾಕಂದ್ರೆ, ನಂಬೋ ಹಾಗಿರಬೇಕು ನೋಡಿ."

ಚೆಕ್ಕರ್ ಮಾತ್ರೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಹೆಂಡತಿ ಆಗತಾನೇ ಆಸ್ಪತ್ರೆಯಿಂದ ಮರಳಿ ಚಪ್ಪಲಿ ಬಿಡುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬಾಗಿಲ ಹತ್ತಿರ ಬ್ಯಾಗಿನ ಮೇಲೆಯೇ ಕೂತಳು. ಅವಳು ಕೂಗಾಡುತ್ತಾಳೆ ಎಂದು ಅವನು ಕಾದ.

"ರೀ, ಅವಳು ಬೀಗ ಅಲ್ಲ ಕಣ್ರೀ" ಎಂದಳು ಅಷ್ಟೆ.

ಮರುದಿನ ಚೆಕ್ಕರ್ ಅರ್ಧ ದಿನ ರಜೆ ಹಾಕಿ ಶಾಲೆಗೆ ಓಡಿದ. ಬಹಳ ಹೊತ್ತು ಹೊರಗೆ ಕಾಯಿಸಿ ಒಳಗೆ ಕರೆದ ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಫಾರ್ಮನ್ನು ಒಂದೇ ಒಂದು ಸಲ ತಿದ್ದಬಹುದೆಂದೂ, ಅದಕ್ಕೆ ಇವತ್ತೇ ಕಡೆಯ ದಿನವೆಂದೂ, ಆಫೀಸು ನಾಲ್ಕಕ್ಕೆ ಮುಚ್ಚುತ್ತದೆಂದೂ ಹೇಳಿದರು. ಆಗ ಗಂಟೆ ಮೂರು ಐವತ್ತೆರಡು. ಗುಮಾಸ್ತ ಹೊಸ ಫಾರ್ಮ್ ಹುಡುಕುವುದರಲ್ಲಿ ಐದು ನಿಮಿಷ ಹೋಯಿತು. ಉಳಿದ ಮೂರು ನಿಮಿಷದಲ್ಲಿ ಚೆಕ್ಕರ್ ತನ್ನ ಜೀವಮಾನದ ಅತಿ ವೇಗದ ತಪಾಸಣೆ ಮಾಡಿದ. ಮೂವತ್ತಕ್ಕೂ ಟಿಕ್. ಹಾಳೆ ತಿರುಗಿಸಿ, ಇನ್ನು ಹನ್ನೆರಡಕ್ಕೂ ಟಿಕ್. ಪೆನ್ಸಿಲ್ಲು ಎರಡು ಕಡೆ ಕಾಗದವನ್ನು ಹರಿದುಹಾಕಿತು. ಅಪರೂಪದ ಪ್ರಶ್ನೆ ಬರೆಯುವ ಜಾಗಕ್ಕೆ ಬರುವಷ್ಟರಲ್ಲಿ ಗುಮಾಸ್ತ ಹಾಳೆಯನ್ನು ಎಳೆದುಕೊಂಡ.

"ಎಲ್ಲಾ ಓದಿ ಹಾಕಿದ್ರಾ?" ಎಂದು ಗುಮಾಸ್ತ ಕೇಳಿದ.

"ಓದೋದೇನಿದೆ ಸ್ವಾಮಿ, ನನ್ನ ಮಗಳಲ್ವಾ" ಎಂದು ಚೆಕ್ಕರ್ ಹೆಮ್ಮೆಯಿಂದ ಹೇಳಿದ.

ಶಾಲೆಯಲ್ಲಿ ಕಾಗದ ಉಳಿಸುವ ವ್ರತ ನಡೆದಿತ್ತು. ಆದ್ದರಿಂದ ಎರಡು ಬೇರೆ ಬೇರೆ ಪಟ್ಟಿಗಳನ್ನು ಒಂದೇ ಹಾಳೆಯ ಎರಡು ಮಗ್ಗುಲಿಗೆ ಅಚ್ಚು ಹಾಕಿಸಿದ್ದರು, ಸಂಖ್ಯೆಯನ್ನೂ ಒಂದರಿಂದ ನಲವತ್ತೆರಡರವರೆಗೆ ಎಳೆದಿದ್ದರು. ಮುಂಬದಿಯ ಮೂವತ್ತು ಸಾಲು ಪ್ರತಿಭೆಯ ಲಕ್ಷಣ. ಹಿಂಬದಿಯ ಹನ್ನೆರಡು ಅಪಾಯದ ಲಕ್ಷಣ. ಊಟ ಮಾಡುವುದಿಲ್ಲ. ಬೇರೆಯವರ ವಸ್ತು ತೆಗೆಯುತ್ತದೆ. ಪ್ರಾಣಿಗಳನ್ನು ಹಿಂಸಿಸುತ್ತದೆ. ಬೆಂಕಿ ಹಚ್ಚುತ್ತದೆ. ಮನೆಯವರನ್ನು ಕಂಡರೆ ಹೆದರುತ್ತದೆ. ಇವೆಲ್ಲಕ್ಕೂ ಹೆತ್ತ ತಂದೆಯೇ ಕೆಂಪು ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ಸಾಕ್ಷಿ ಹೇಳಿದ್ದ.

ಎರಡು ದಿನಕ್ಕೆ ಗಂಡಹೆಂಡತಿ ಇಬ್ಬರಿಗೂ ಕರೆ ಬಂತು. ಚೆಕ್ಕರ್ ಒಗೆದ ಅಂಗಿ ಹಾಕಿಕೊಂಡು, ದಾರಿಯಲ್ಲಿ ಇಬ್ಬರು ಮೂವರಿಗೆ ಮಗಳು ಮಹಡಿಗೆ ಹೋಗುವ ಸಮಾಚಾರ ಹೇಳಿಕೊಂಡೇ ಹೋದ. ಹೆಡ್‌ಮಿಸ್ ಹಾಳೆಯ ಹಿಂಬದಿಯನ್ನು ಮೇಲೆ ಮಾಡಿ ಮೇಜಿನ ಮೇಲೆ ಇಟ್ಟರು. ಅವನು ಅದನ್ನು ಮೊದಲ ಸಲ ಓದಿದ. ಹೆಂಡತಿಯೂ ಓದಿದಳು. 

ಚೆಕ್ಕರ್ ತೊದಲುತ್ತ ಕಾರ್ಖಾನೆಯ ಪದ್ಧತಿಯನ್ನೆಲ್ಲ ವಿವರಿಸಿದ. ಟಿಕ್ ಎಂದರೆ ಅಲ್ಲಿ ತಪ್ಪು, ಇಲ್ಲಿ ಮಾರ್ಕು, ಹಿಂದಿನ ಪುಟದಲ್ಲಿ ಮತ್ತೆ ತಪ್ಪು ಎಂದು ಯಾರಿಗೆ ಗೊತ್ತು? ಸಾಕ್ಷಿಗೆಂದು ಜೇಬಿನಿಂದ ಹದಿನಾಲ್ಕು ಸಾಲಿನ ಹಾಳೆಯೊಂದನ್ನು ತೆಗೆದು ತೋರಿಸಿದ. ಹೆಡ್‌ಮಿಸ್ ಅದನ್ನು ತೆಗೆದುಕೊಂಡು ಫೈಲಿಗೆ ಸೇರಿಸಿದರು. ಮಗುವನ್ನು ಗುಜರಿ ವಸ್ತುವಿಗೆ ಹೋಲಿಸಿ ತಂದೆ ಮಾತನಾಡಿದರು ಎಂದು ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದರು.

"ಮೊದಲು ಏನೂ ಇಲ್ಲ ಅಂದ್ರಿ. ಆಮೇಲೆ ಎಲ್ಲಾ ಇದೆ ಅಂದ್ರಿ. ಈಗ ಮುಂದಿನ ಪುಟ ಮಾತ್ರ ನಿಜ ಅಂತೀರಿ. ನಾನು ಯಾವುದನ್ನ ನಂಬಲಿ?"

"ಹಿಂದಿನ ಪುಟ ಹೊಡೆದು ಹಾಕ್ತೀನಿ ಮೇಡಂ. ಸಹಿ ಹಾಕಿ ಕೊಡ್ತೀನಿ."

"ಅದಾಗಲ್ಲ. ಮಕ್ಕಳಿಗೆ ತೊಂದರೆ ಕೊಡೋ ತಂದೆತಾಯಿನೇ ಹೇಳಿದ್ದನ್ನ ವಾಪಸ್ ತಗೊಳ್ಳೋದು. ಅದಕ್ಕೇ ವಾಪಸ್ ತಗೊಂಡ್ರೆ ಅನುಮಾನ ಜಾಸ್ತಿ ಮಾಡಿ ಅಂತ ನಿಯಮ ಇದೆ."

ಕ್ಲಾಸ್ ಟೀಚರ್ ಬಾಗಿಲಲ್ಲಿ ನಿಂತು, ಈ ಮಗು ಇರುವೆಯನ್ನೂ ದಾಟಿಕೊಂಡು ನಡೆಯುತ್ತದೆ ಎಂದರು. ನಲವತ್ತೆರಡರಲ್ಲಿ ನಲವತ್ತೆರಡು ಬಂದದ್ದು ಶಾಲೆಯ ಇತಿಹಾಸದಲ್ಲೇ ಇಲ್ಲ, ಇಂಥದ್ದನ್ನು ಕಡೆಗಣಿಸಿದರೆ ನಾಳೆ ಯಾರು ಹೊಣೆ ಎಂದು ಹೆಡ್‌ಮಿಸ್ ಕೇಳಿದರು. ಹೊಣೆ ಎಂಬ ಮಾತು ಬಂದ ಮೇಲೆ ಟೀಚರ್ ತಮ್ಮ ಕ್ಲಾಸಿಗೆ ಹೋದರು.

ಆ ವಾರವೇ ಶಾಲೆಯ ಕೌನ್ಸೆಲರ್ ಮನೆಗೆ ಬಂದರು. ಮೆತ್ತಗೆ ಮಾತಾಡುವ ಹೆಂಗಸು. ಏನು ಹೇಳಿದರೂ ಹೌದಾ ಎಂದು ತಲೆದೂಗಿ ಬರೆದುಕೊಳ್ಳುತ್ತಿದ್ದರು, ಬರೆದುಕೊಂಡದ್ದನ್ನು ಕಾಣದಂತೆ ಪುಸ್ತಕವನ್ನು ಎದೆಗೆ ಆನಿಸಿಕೊಳ್ಳುತ್ತಿದ್ದರು. ಮಗಳ ಮಂಚದ ಕೆಳಗೆ ನೋಡಿದರು. ಅಲ್ಲಿ ಮೂವತ್ತೇಳು ಬೀಗಗಳಿದ್ದವು.

"ಮಗುವಿನ ರೂಮಲ್ಲಿ ಇಷ್ಟೊಂದು ಬೀಗ ಯಾಕೆ?" ಎಂದು ಮೆತ್ತಗೆ ಕೇಳಿದರು.

ಆಟಕ್ಕೆ ಎಂದ ಚೆಕ್ಕರ್. ಹೌದಾ ಎಂದು ಬರೆದುಕೊಂಡರು. ಅಪ್ಪನಿಗೆ ಕಷ್ಟವಾಗುತ್ತಿದೆ ಎಂದು ಕಂಡ ಯಾಕಮ್ಮ ಸಹಾಯಕ್ಕೆ ಬಂದಳು. ಕೂದಲಿನಿಂದ ಹೇರ್‌ಪಿನ್ನು ತೆಗೆದು, ಎಲ್ಲಕ್ಕಿಂತ ದೊಡ್ಡ ಬೀಗವನ್ನು ಕೌನ್ಸೆಲರ್ ಕಣ್ಣೆದುರಿಗೇ ಇಪ್ಪತ್ತು ಎಣಿಸುವಷ್ಟರಲ್ಲಿ ತೆಗೆದು ತೋರಿಸಿದಳು. ನಿಮ್ಮ ಬ್ಯಾಗಿಗೂ ಬೀಗ ಇದೆಯಲ್ಲ, ಅದನ್ನೂ ತೆಗೆಯಲಾ ಎಂದು ಕೇಳಿದಳು. ಕೌನ್ಸೆಲರ್ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡು ಬಹಳ ಹೊತ್ತು ಬರೆದರು. ಹೊರಡುವಾಗ ಯಾಕಮ್ಮ, ನೀವು ಬರೆದದ್ದನ್ನು ನಮಗೆ ಯಾಕೆ ತೋರಿಸುವುದಿಲ್ಲ ಎಂದಳು. ಅದನ್ನೂ ಬರೆದುಕೊಂಡರು.

ಆಮೇಲೆ ಬೀದಿಯ ಹೇಳಿಕೆಗಳು. ನೆರೆಹೊರೆಯವರು ಒಳ್ಳೆಯವರೇ, ಯಾರೂ ಸುಳ್ಳು ಹೇಳಲಿಲ್ಲ. ಪಿಂಚಣಿ ತಾತ, ನೀವು ಸತ್ತ ಮೇಲೆ ನಿಮ್ಮ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಮಗು ಕೇಳಿತ್ತೆಂದು ಹೇಳಿ, ಅವತ್ತಿನಿಂದ ಆ ಕುರ್ಚಿಯಲ್ಲಿ ತನಗೆ ನೆಮ್ಮದಿಯಿಲ್ಲ ಎಂದು ಸೇರಿಸಿದರು. ಔಷಧಿ ಅಂಗಡಿಯವನು ಬಲು ಮರುಕದಿಂದ, ಹುಡುಗಿ ಚಿನ್ನದಂಥವಳು, ನಿದ್ದೆ ಬರಿಸುವ ಮಾತ್ರೆಗೆ ತನ್ನನ್ನು ನುಂಗಿದ ಮನುಷ್ಯ ಯಾರೆಂದು ಹೇಗೆ ಗೊತ್ತಾಗುತ್ತದೆ ಎಂದು ಒಂದು ಸಲ ಕೇಳಿದ್ದಳು ಅಷ್ಟೆ ಎಂದ. ಅಷ್ಟೆ ಎನ್ನುವ ಮಾತನ್ನು ಎರಡು ಸಲ ಹೇಳಿದ. ಬೆಂಕಿ ಹಚ್ಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಇನ್ನೂ ಹಚ್ಚಿಲ್ಲ ಎಂದು ವರದಿಯಲ್ಲಿ ಬಂತು.

ಹೀಗಾಗಿ ಯಾಕಮ್ಮನನ್ನು ಮಹಡಿಯ ಕೋಣೆಯ ಬದಲು, ಅಪಾಯದ ಲಕ್ಷಣದ ಮಕ್ಕಳಿಗೆಂದು ಕೆಳಗಿದ್ದ ಶಾಂತ ಕೊಠಡಿಗೆ ಹಾಕಿದರು. ಚಿತ್ರಗಳ ಪರೀಕ್ಷೆ ಮಂಗಳವಾರ ಹತ್ತು ಗಂಟೆಗೆ ಇತ್ತು, ಕೌನ್ಸೆಲರ್ ಮಾತುಕತೆಯೂ ಮಂಗಳವಾರ ಹತ್ತು ಗಂಟೆಗೆ. ಕ್ಲಾಸ್ ಟೀಚರ್ ಓಡಾಡಿ ನೋಡಿದರು. ಮಾತುಕತೆಯ ಸಮಯ ಬದಲಾಯಿಸಲು ಮಗುವಿಗೆ ಅಪಾಯವಿಲ್ಲ ಎಂಬ ಕಾಗದ ಬೇಕಿತ್ತು, ಆ ಕಾಗದ ಸಿಗಲು ಮಾತುಕತೆಯೆಲ್ಲ ಮುಗಿಯಬೇಕಿತ್ತು. ಹನ್ನೊಂದನೇ ಕುರ್ಚಿ ಔಷಧಿ ಅಂಗಡಿಯವನ ಮಗನಿಗೆ ಹೋಯಿತು. ಆ ಹುಡುಗ ದಿನಾ ಬೆಳಿಗ್ಗೆ ಮಹಡಿ ಮೆಟ್ಟಿಲ ಬುಡದಲ್ಲಿ ಹೊಟ್ಟೆನೋವೆಂದು ಅಳುತ್ತಿದ್ದ, ಅವನ ಅಪ್ಪ ದಿನಾ ಒಂದು ಮಾತ್ರೆ ಕೊಟ್ಟು ಕಳಿಸುತ್ತಿದ್ದ.

ಶಾಂತ ಕೊಠಡಿಯಲ್ಲಿ ಏಳು ಮಕ್ಕಳು. ಗೋಡೆಗೆ ತಿಳಿ ನೀಲಿ ಬಣ್ಣ, ಕಿಟಕಿಗೆ ಪರದೆ. ಬೆಳಿಗ್ಗೆ ಪ್ರತಿ ಮಗುವಿಗೆ ಮೂರು ಚೀಟಿ ಕೊಡುತ್ತಿದ್ದರು. ಒಂದು ಪ್ರಶ್ನೆ ಕೇಳಬೇಕಾದರೆ ಒಂದು ಚೀಟಿ ಕೊಡಬೇಕು. ಮೂರೂ ಮುಗಿದರೆ ಅವತ್ತಿಗೆ ಬಾಯಿ ಮುಚ್ಚಿಕೊಂಡಿರಬೇಕು. ಸಂಜೆಗೆ ಉಳಿದ ಒಂದೊಂದು ಚೀಟಿಗೆ ಒಂದೊಂದು ನಕ್ಷತ್ರ. ಮೊದಲ ದಿನ ಯಾಕಮ್ಮನ ಮೂರು ಚೀಟಿಯೂ ಒಂಬತ್ತೂವರೆಗೆ ಮುಗಿದವು. ಮೂರನೆಯದು, ಪ್ರಶ್ನೆಗೆ ಚೀಟಿ ಯಾಕೆ ಕೊಡಬೇಕು ಎಂದು ಕೇಳಿದ್ದಕ್ಕೆ ಹೋಯಿತು.

ಅವಳು ಜಾಣೆ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಎರಡು ತಿಂಗಳಲ್ಲಿ ಒಂದು ಚೀಟಿ ಉಳಿಸುವುದನ್ನು ಕಲಿತಳು. ಐದನೇ ತಿಂಗಳಿಗೆ ಎರಡು. ಏಳನೇ ತಿಂಗಳ ಕೊನೆಯ ವಾರ ಮೂರಕ್ಕೆ ಮೂರನ್ನೂ ವಾಪಸ್ಸು ಕೊಟ್ಟು ಮೂರು ನಕ್ಷತ್ರ ತಂದಳು.

ಇಲ್ಲಿ ಒಂದು ನಾಚಿಕೆಯ ಮಾತನ್ನು ಮುಚ್ಚಿಡದೆ ಹೇಳಬೇಕು. ಚೆಕ್ಕರ್‌ಗೆ ಆ ನಕ್ಷತ್ರಗಳನ್ನು ಕಂಡು ಹೆಮ್ಮೆಯಾಯಿತು. ಮಹಡಿ ತಪ್ಪಿದರೇನು, ಇಲ್ಲಿಯಾದರೂ ಮೊದಲ ಸ್ಥಾನ ಬಂತಲ್ಲ ಎಂದು ಅವನು ಅವನ್ನು ಬೀದಿ ಬಾಗಿಲಿನ ಒಳಮಗ್ಗುಲಿಗೆ ಸಾಲಾಗಿ ಅಂಟಿಸಿದ. ಮನೆಗೆ ಬಂದವರಿಗೆಲ್ಲ ಬಾಗಿಲು ಹಾಕಿ ತೋರಿಸಿದ. ಪಿಂಚಣಿ ತಾತ ಬಂದು ನೋಡಿ, ಈಗ ಎಷ್ಟು ಒಳ್ಳೆಯ ಮಗುವಾಗಿದೆ ಎಂದು ಮೆಚ್ಚಿದರು. ಅವರ ಪೇಪರು ಈಗ ಮಡಿಲಲ್ಲೇ ಇರುತ್ತಿತ್ತು. ಯಾಕಮ್ಮ ಎಂದು ಕರೆಯುವುದನ್ನು ಬೀದಿ ಯಾವಾಗ ಬಿಟ್ಟಿತೋ ಯಾರೂ ಗಮನಿಸಲಿಲ್ಲ. ಹೆಂಡತಿ ಒಬ್ಬಳು ಮಾತ್ರ ಆ ಬಾಗಿಲನ್ನು ನೋಡುತ್ತಿರಲಿಲ್ಲ. ಹಗಲೆಲ್ಲ ಅದನ್ನು ಪೂರ್ತಿ ತೆಗೆದು ಗೋಡೆಗೆ ಒತ್ತಿ ಇಟ್ಟಿರುತ್ತಿದ್ದಳು.

ವರ್ಷದ ಕೊನೆಗೆ ಮತ್ತೆ ಲಕೋಟೆ ಬಂತು. ಶಾಂತ ಕೊಠಡಿಯಿಂದ ಬಿಡುಗಡೆಯಾಗಬೇಕಾದರೂ, ಮಹಡಿಗೆ ಇನ್ನೊಂದು ಸಲ ಹೆಸರು ಹೋಗಬೇಕಾದರೂ ಅದೇ ಫಾರ್ಮ್. ಕ್ಲಾಸ್ ಟೀಚರ್ ಅದರ ಜೊತೆ ಒಂದು ಸಣ್ಣ ಚೀಟಿ ಇಟ್ಟಿದ್ದರು: ಈ ಸಲ ದಯವಿಟ್ಟು ನಿಜ ಬರೆಯಿರಿ, ಮುಂದಿನ ಪುಟದಲ್ಲಿ ಹದಿನೆಂಟು ಬಂದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಚೆಕ್ಕರ್ ಆ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಮೇಜಿಗೆ ಕೂತ. ಕೆಂಪು ಪೆನ್ಸಿಲ್ಲನ್ನು ಮುಟ್ಟಲಿಲ್ಲ, ಕಪ್ಪು ಪೆನ್ನು ತಂದಿದ್ದ. ಮೊದಲು ಹಾಳೆಯನ್ನು ಎರಡೂ ಮಗ್ಗುಲು ಓದಿದ, ಆಮೇಲೆ ಇನ್ನೊಂದು ಸಲ ಓದಿದ. ಹಿಂದಿನ ಹನ್ನೆರಡು ಸಾಲಿನಲ್ಲಿ ಒಂದೂ ನಿಜವಲ್ಲ, ಬಿಟ್ಟ. ಮುಂದಿನ ಮೂವತ್ತಕ್ಕೆ ಬಂದ. ಹದಿನೆಂಟು ಯಾವ ಲೆಕ್ಕ, ಹೋದ ವರ್ಷ ಇಪ್ಪತ್ತಾರು ಇದ್ದವು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಗಳು ಎದುರಿಗೇ ನೆಲದ ಮೇಲೆ ಕೂತು ಕಾಪಿ ಬರೆಯುತ್ತಿದ್ದಳು.

ಕರೆದರೂ ಕೇಳಿಸದಷ್ಟು ಮುಳುಗಿರುತ್ತದೆ. ಚೆಕ್ಕರ್ ಪೆನ್ನು ಎತ್ತಿ, ಪರೀಕ್ಷೆಗೆಂದು ಬಹಳ ಸಣ್ಣ ದನಿಯಲ್ಲಿ ಮಗಳನ್ನು ಕರೆದ. ಅವಳು ತಕ್ಷಣ ಪೆನ್ಸಿಲ್ಲು ಕೆಳಗಿಟ್ಟು ಎದ್ದು ನಿಂತು ಏನಪ್ಪ ಎಂದಳು. ಏನಿಲ್ಲ ಕೂತ್ಕೋ ಎಂದ. ಚೌಕ ಹಾಗೇ ಉಳಿಯಿತು.

ವಸ್ತುಗಳನ್ನು ಬಿಚ್ಚಿ ನೋಡುತ್ತದೆ. ಅವನು ಎದ್ದು ಹೋಗಿ, ಮುನ್ನಾದಿನ ತಂದಿದ್ದ ಬೀಗವನ್ನು ತಂದು ಅವಳ ಮುಂದೆ ಇಟ್ಟ. ಹೊಸ ಮಾದರಿ, ಒಳಗೆ ಎರಡು ಸ್ಪ್ರಿಂಗು, ಕಾರ್ಖಾನೆಯವರಿಗೇ ಅರ್ಥವಾಗದೆ ಡ್ರಮ್ಮಿಗೆ ಬಿದ್ದದ್ದು. ಮಗಳು ಅದನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಬೀಗದಿಂದ ನೆಲಕ್ಕೆ ಹತ್ತಿದ ಎಣ್ಣೆಯನ್ನು ಒರೆಸಿ ಮತ್ತೆ ಕಾಪಿ ಬರೆಯತೊಡಗಿದಳು. ಅಕ್ಷರಗಳು ಒಂದಕ್ಕೊಂದು ತಗಲದೆ ಚೊಕ್ಕವಾಗಿದ್ದವು.

ದೊಡ್ಡವರು ಹೇಳಿದ್ದನ್ನು ಹಾಗೆಯೇ ಒಪ್ಪುವುದಿಲ್ಲ. ಇದಕ್ಕೆ ಪರೀಕ್ಷೆ ಬೇಕಿರಲಿಲ್ಲ. ಹೀಗೆ ಮೂವತ್ತನೆಯ ಸಾಲಿನವರೆಗೂ ಹೋದ. ಪೆನ್ನಿನ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಇತ್ತು. ಟಿಕ್ ಇರಲಿ, ಟಿಕ್ಕಿನ ಚುಕ್ಕಿಯನ್ನಾದರೂ ಇಡೋಣವೆಂದರೆ ಜಾಗ ಸಿಗಲಿಲ್ಲ. ಹತ್ತೊಂಬತ್ತು ವರ್ಷ, ಈಗ ಇಪ್ಪತ್ತು, ತಪ್ಪು ಹುಡುಕಿ ಅಭ್ಯಾಸವಾದ ಆ ಕಣ್ಣು ಒಂದೇ ಒಂದು ತಪ್ಪಿಗಾಗಿ ಮಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ಅವನಿಗೆ ಅಳು ಬಂತು, ಪೆನ್ನಿನ ಮುಚ್ಚಳ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ.

ಉಳಿದದ್ದು ಕೊನೆಯ ಸಾಲು, ಅಪರೂಪದ ಪ್ರಶ್ನೆ. ಅದೊಂದಾದರೂ ಇದೆಯಲ್ಲ ಎಂದು ಅವನು ಮಗಳ ಪಕ್ಕ ನೆಲದ ಮೇಲೆ ಹೋಗಿ ಕೂತ.

"ಕೀ ಕಳೆದುಹೋದ ಬೀಗ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ಯಲ್ಲ ನೀನು, ನೆನಪಿದೆಯಾ?"

ಮಗಳು ಅವನ ಮುಖ ನೋಡಿದಳು. "ಹಂಗೆಲ್ಲ ಕೇಳಿದ್ನಾ ಅಪ್ಪ? ಅವಾಗ ನಂಗೆ ಗೊತ್ತಾಗ್ತಿರಲಿಲ್ಲ."

"ಉತ್ತರ ನನಗೆ ಈಗ ಗೊತ್ತಾಗಿದೆ. ಇನ್ನೊಂದು ಸಲ ಕೇಳು. ಅದೇ ಬೇಡ ಅಂದ್ರೆ ಬೇರೆ ಏನಾದ್ರೂ ಕೇಳು. ಚೀಟಿಗೀಟಿ ಏನೂ ಬೇಡ."

ಅವಳು ಕಾಪಿ ಪುಸ್ತಕ ಮುಚ್ಚಿ, ಶಾಂತ ಕೊಠಡಿಯಲ್ಲಿ ಕಲಿಸಿದಂತೆ ಎರಡು ಕೈಯನ್ನೂ ತೊಡೆಯ ಮೇಲೆ ಜೋಡಿಸಿ ಇಟ್ಟುಕೊಂಡಳು. ಅಪ್ಪನಿಗೆ ಬೇಸರವಾಗಬಾರದೆಂದು ಸ್ವಲ್ಪ ಹೊತ್ತು ಯೋಚಿಸಿದಳು.

"ಯಾವ ಪ್ರಶ್ನೆ ಕೇಳ್ಬೇಕು ಅಂತ ನೀನೇ ಹೇಳಪ್ಪ. ಅದನ್ನೇ ಸರಿಯಾಗಿ ಕೇಳ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದಳು. ಚೆಕ್ಕರ್ ಮೇಜಿಗೆ ಬಂದು ಕೂತ. ಸುಳ್ಳು ಬರೆಯಬಹುದಿತ್ತು. ಹೋದ ವರ್ಷದ ಪ್ರಶ್ನೆಯನ್ನೇ ಈ ತಿಂಗಳಿನದು ಎಂದು ಬರೆದು, ಹದಿನೆಂಟು ಟಿಕ್ ಹಾಕಿ ಕೊಟ್ಟರೆ ಯಾರು ಕೇಳುತ್ತಿದ್ದರು? ಆದರೆ ಟೀಚರ್ ನಿಜ ಬರೆಯಿರಿ ಎಂದಿದ್ದರು, ಹಿಂದೆ ಹೇಳಿದ ಎರಡು ಸುಳ್ಳಿನ ಫಲ ಎದುರಿಗೇ ಕೂತು ಕಾಪಿ ಬರೆಯುತ್ತಿತ್ತು. ಅವನು ಕೊನೆಯ ಸಾಲಿನಲ್ಲಿ ಒಂದೊಂದೇ ಅಕ್ಷರವನ್ನು ನಿಧಾನವಾಗಿ ಬರೆದು ಸಹಿ ಹಾಕಿದ.

ಸೋಮವಾರ ಶಾಲೆಯ ಆಫೀಸಿನಲ್ಲಿ ಗುಮಾಸ್ತ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿದ. ಒಳಗಿನಿಂದ ಹೆಡ್‌ಮಿಸ್ ಬಂದು ಕೈ ಕುಲುಕಿ, ನಿಮ್ಮ ಮಗಳನ್ನು ನಾವು ತಿದ್ದಿ ಕೊಟ್ಟಿದ್ದೇವೆ, ಮುಂದಿನ ವಾರದಿಂದ ಮಾಮೂಲು ಕ್ಲಾಸಿಗೆ ಬರಲಿ ಎಂದು ಹೇಳಿ ಹೋದರು. ಗುಮಾಸ್ತ ಹಳೇ ಫೈಲು ತೆಗೆದು ಹೋದ ವರ್ಷದ ಮೊದಲ ಹಾಳೆಯನ್ನು ಹೊಸದರ ಪಕ್ಕಕ್ಕೆ ಇಟ್ಟುಕೊಂಡ. ಎರಡರಲ್ಲೂ ಚೌಕಗಳೆಲ್ಲ ಖಾಲಿ. ಎರಡರ ಕೊನೆಯಲ್ಲೂ ಅದೇ ದುಂಡನೆಯ ಕೈಬರಹದಲ್ಲಿ "ಮಗು ಪ್ರಶ್ನೆ ಕೇಳುವುದಿಲ್ಲ" ಎಂದಿತ್ತು.

"ನೋಡಿ, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇದೆ. ಅವತ್ತೇ ಸರಿಯಾಗಿ ತುಂಬಿದ್ರಿ ನೀವು. ಮಧ್ಯ ಸುಮ್ಮನೆ ತಿದ್ದೋಕೆ ಹೋಗಿ ಗೊಂದಲ ಮಾಡ್ಕೊಂಡ್ರಿ" ಎಂದು ಗುಮಾಸ್ತ ಮೊಹರು ಒತ್ತಿದ.

ಚೆಕ್ಕರ್ ಹೌದೆಂದು ತಲೆಯಾಡಿಸಿ, ಅವನು ಕೊಟ್ಟ ಸ್ವೀಕೃತಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಕಾರ್ಖಾನೆಗೆ ಹೋದ.